ಪರದೆಯಾಚೆಯ ಊರು

ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ ಒಂದು ಸಿಕ್ಕರೆ, ನಡುವಿನ ಗುಡ್ಡ, ಕೆರೆ, ಸಮೋನ್ನತಿ ರೇಖೆಗಳನ್ನೆಲ್ಲ ಬಿಟ್ಟು ಅಂಚಿನ ಮೇಲೆ ಬೆರಳಾಡಿಸುತ್ತ ಹೋಗಿ. ರಸ್ತೆಯೊಂದು ಚೌಕಟ್ಟು ದಾಟುವ ಕಡೆ ಸಣ್ಣ ಅಕ್ಷರಗಳಲ್ಲಿ ಯಾವುದೋ ಊರಿನ ಹೆಸರು, ಪಕ್ಕದಲ್ಲಿ ಕಿಲೋಮೀಟರಿನ ಅಂಕಿ ಕಾಣುತ್ತದೆ. ಆ ಊರು ಈ ಹಾಳೆಯಲ್ಲಿಲ್ಲ. ಪಕ್ಕದ ಹಾಳೆಯಲ್ಲಿದೆಯೋ, ಅದರ ಪಕ್ಕದ್ದರಲ್ಲಿದೆಯೋ. ಹಾಳೆ ಮುಗಿದ ಮೇಲೂ ದಾರಿ ಮುಗಿಯುವುದಿಲ್ಲ ಎಂಬುದು ನಕ್ಷೆ ಬರೆದವರಿಗೆ ಗೊತ್ತಿತ್ತು. ಓದುವವರನ್ನು ಅವರು ಅಂಚಿಗೆ ತಂದು ಕೈಬಿಡಲಿಲ್ಲ.

ಜೇಬಿನೊಳಗಿನ ನಕ್ಷೆಗೆ ಈ ಸೌಜನ್ಯ ಇನ್ನೂ ಸರಿಯಾಗಿ ಒಗ್ಗಿಲ್ಲ. ಅದರ ಅಂಚು ಎಷ್ಟು ಬೇಗ ಬಂದುಬಿಡುತ್ತದೆ ಎಂಬುದನ್ನು ಯೋಚಿಸಿದರೆ ಇದು ವಿಚಿತ್ರವೇ. 1:50,000 ಅಳತೆಯ ಟೋಪೋಶೀಟ್ ಅಕ್ಷಾಂಶದಲ್ಲೂ ರೇಖಾಂಶದಲ್ಲೂ 15 ಮಿನಿಟುಗಳಷ್ಟು ಭೂಮಿಯನ್ನು ಹಿಡಿಯುತ್ತದೆ. ನಮ್ಮ ರಾಜ್ಯದ ಅಕ್ಷಾಂಶದಲ್ಲಿ ಅದು ಪ್ರತಿ ಬದಿಗೆ ಸುಮಾರು 27 ಕಿಲೋಮೀಟರ್. ಕಾಗದದ ಮೇಲೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. 7 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರದ ಮೊಬೈಲ್ ಪರದೆಯನ್ನು ಅದರ ಮೇಲಿಟ್ಟರೆ, ಆ ಹಾಳೆಯನ್ನು ಮುಚ್ಚಲು ವಿಸ್ತೀರ್ಣದ ಲೆಕ್ಕದಲ್ಲೇ ಅಂಥ ಸುಮಾರು 28 ಮೊಬೈಲುಗಳು ಬೇಕು. ಕಾಗದದ ನಕ್ಷೆಯಲ್ಲಿ ಕಣ್ಣು ಹೊರಳಿಸಿ ನೋಡುತ್ತಿದ್ದುದನ್ನು ಇಲ್ಲಿ ಬೆರಳಿನಿಂದ ಎಳೆದೆಳೆದು ನೋಡಬೇಕು. ಎಳೆದಾಗ ಒಂದು ಕಡೆಯಿಂದ ಹೊಸದು ಬರುತ್ತದೆ, ಇನ್ನೊಂದು ಕಡೆಯಿಂದ ಈಗಷ್ಟೇ ನೋಡಿದ್ದು ಜಾರಿಹೋಗುತ್ತದೆ.

ಹಂಪಿಯನ್ನೇ ತೆಗೆದುಕೊಳ್ಳೋಣ. ಇಂದಿನ ಬಹುಪಾಲು ಅಂತರಜಾಲ ನಕ್ಷೆಗಳು ಭೂಮಿಯನ್ನು ಮರ್ಕೇಟರ್ ಪ್ರಕ್ಷೇಪದಲ್ಲಿ ಚಪ್ಪಟೆ ಮಾಡಿ, ಝೂಮ್ ಸೊನ್ನೆಯಲ್ಲಿ ಇಡೀ ಜಗತ್ತನ್ನು 256 ಪಿಕ್ಸೆಲ್ ಬದಿಯ ಒಂದು ಚೌಕದಲ್ಲಿ ಕೂರಿಸುತ್ತವೆ. ಝೂಮ್ ಒಂದು ಮೆಟ್ಟಿಲು ಏರಿದಂತೆಲ್ಲ ಉದ್ದ ಅಗಲಗಳೆರಡೂ ಇಮ್ಮಡಿಯಾಗುತ್ತವೆ. 16ನೇ ಮೆಟ್ಟಿಲಿಗೆ ಬಂದಾಗ ಹಂಪಿಯ ಅಕ್ಷಾಂಶದಲ್ಲಿ ಒಂದು ಪಿಕ್ಸೆಲ್ಲಿಗೆ 2.3 ಮೀಟರ್ ನೆಲ. ತಂತ್ರಾಂಶದ ಲೆಕ್ಕದಲ್ಲಿ 360 ಪಿಕ್ಸೆಲ್ ಅಗಲ, 800 ಪಿಕ್ಸೆಲ್ ಎತ್ತರ ಇರುವ ಸಾಧಾರಣ ಮೊಬೈಲಿನಲ್ಲಿ ಇದು ಸುಮಾರು 830 ಮೀಟರ್ ಅಗಲದ ಪಟ್ಟಿ. ವಿರೂಪಾಕ್ಷ ಗುಡಿಯನ್ನು ನಡುವಿಗಿಟ್ಟರೆ ಎಡಕ್ಕೂ ಬಲಕ್ಕೂ ನಾನೂರು ಮೀಟರ್ ಚಿಲ್ಲರೆ. ಹಂಪಿ ಬಜಾರಿನ ಸಾಲು ಮಂಟಪಗಳು, ಹೇಮಕೂಟದ ಬಂಡೆ, ನದಿಯ ಘಟ್ಟ ಎಲ್ಲ ಚೆನ್ನಾಗಿ ಕಾಣುತ್ತವೆ. ವಿಜಯ ವಿಠ್ಠಲ ದೇವಾಲಯ ಕಾಣುವುದಿಲ್ಲ. ಅದು ಪೂರ್ವಕ್ಕೆ, ತುಸು ಉತ್ತರಕ್ಕೆ ವಾಲಿ, ಸುಮಾರು ಎರಡು ಕಿಲೋಮೀಟರ್ ದೂರದಲ್ಲಿದೆ. ಕಮಲ ಮಹಲೂ ಕಾಣುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂದು 13ನೇ ಮೆಟ್ಟಿಲಿಗೆ ಇಳಿದರೆ ಆರೂವರೆ ಕಿಲೋಮೀಟರ್ ಅಗಲದ ನೆಲ ಪರದೆಯೊಳಗೆ ಬರುತ್ತದೆ, ಗುಡಿಗಳೆಲ್ಲ ಚುಕ್ಕೆಗಳಾಗಿ ಸೇರಿಕೊಳ್ಳುತ್ತವೆ. ಆದರೆ ಮೂರು ಮೆಟ್ಟಿಲು ಇಳಿದದ್ದರಿಂದ ಮೊದಲಿನ ಒಂದು ಪಿಕ್ಸೆಲ್ಲಿನ ಜಾಗದಲ್ಲಿ ಈಗ 64 ಪಟ್ಟು ನೆಲ ತುಂಬಿಕೊಂಡಿದೆ. ಬಂಡೆಗಳ ನಡುವಿನ ಕಾಲುದಾರಿ ಮಾಯ.

ಹತ್ತಿರ ಹೋದರೆ ಸುತ್ತಲಿನದು ಹೋಗುತ್ತದೆ, ದೂರ ಸರಿದರೆ ಕಾಲಡಿಯದು ಹೋಗುತ್ತದೆ. ಜನ ಏನು ಮಾಡುತ್ತಾರೆಂದರೆ, ಹಿಗ್ಗಿಸಿ ನೋಡಿ, ಕುಗ್ಗಿಸಿ ನೋಡಿ, ಎರಡನ್ನೂ ತಲೆಯಲ್ಲಿ ಜೋಡಿಸಿಕೊಳ್ಳುತ್ತಾರೆ. ಹಾಗೆ ಜೋಡಿಸಲಾಗದೆ ಎಲ್ಲಿದ್ದೇವೆಂದೇ ತಿಳಿಯದ ಸ್ಥಿತಿಗೆ ಸುಸಾನ್ ಜುಲ್ ಮತ್ತು ಜಾರ್ಜ್ ಫರ್ನಸ್ 1998ರಲ್ಲಿ ಮರುಭೂಮಿಯ ಮಂಜು ಎಂದು ಹೆಸರಿಟ್ಟರು. ಪರದೆಯ ಮೇಲಿರುವುದರಲ್ಲಿ ಮುಂದೆ ಯಾವ ಕಡೆ ಹೋಗಬೇಕೆಂಬ ಸುಳಿವೇ ಇಲ್ಲದ ಸ್ಥಿತಿ ಅದು. ಹೊಲಗಳ ನಡುವೆ ನಕ್ಷೆಯನ್ನು ತೀರಾ ಹಿಗ್ಗಿಸಿ, ಬೆರಳು ಜಾರಿ, ತಿಳಿಹಸಿರು ಬಣ್ಣವೊಂದನ್ನು ಬಿಟ್ಟು ಬೇರೇನೂ ಕಾಣದೆ ಹೋದವರಿಗೆಲ್ಲ ಈ ಮಂಜಿನ ಪರಿಚಯವುಂಟು.

ಪರಿಹಾರಗಳಲ್ಲಿ ಹಳೆಯದು ಮೂಲೆಯಲ್ಲೊಂದು ಪುಟ್ಟ ನಕ್ಷೆ. ಅಟ್ಲಾಸುಗಳು ಇದನ್ನು ಶತಮಾನಗಳಿಂದ ಮಾಡಿಕೊಂಡು ಬಂದಿವೆ; ಗಣಕದ ಪರದೆಗೆ ಇದನ್ನು ಜನಪ್ರಿಯಗೊಳಿಸಿದವರಲ್ಲಿ ಆಟ ಕಟ್ಟುವವರೂ ಇದ್ದಾರೆ. 1981ರ ಡಿಫೆಂಡರ್ ಎಂಬ ಆರ್ಕೇಡ್ ಆಟದಲ್ಲಿ ಆಟದ ಲೋಕ ಪರದೆಗಿಂತ ಎಷ್ಟೋ ಪಟ್ಟು ಅಗಲ. ಶತ್ರು ನೌಕೆಗಳು ಕಾಣದ ಕಡೆಯೂ ಓಡಾಡುತ್ತಿದ್ದವು. ಅದಕ್ಕೆಂದೇ ಮೇಲ್ಭಾಗದಲ್ಲಿ ಇಡೀ ಲೋಕವನ್ನು ಕುಗ್ಗಿಸಿ ತೋರಿಸುವ ರೇಡಾರ್ ಪಟ್ಟಿ ಇತ್ತು. ದೊಡ್ಡ ಪರದೆಗೆ ಇದು ಸರಿ. ಅಂಗೈಯಗಲದ ಪರದೆಯಲ್ಲಿ ಮೂಲೆನಕ್ಷೆ ಹೆಬ್ಬೆರಳ ಉಗುರಿನಷ್ಟಾಗಿ, ಒಳಗಿನ ಚುಕ್ಕೆಗಳು ಒಂದರ ಮೇಲೊಂದು ಬೀಳುತ್ತವೆ. ಅದಕ್ಕಿಂತ ದೊಡ್ಡ ತೊಡಕು ಕಣ್ಣಿನದು. ದೊಡ್ಡ ನಕ್ಷೆಯಲ್ಲಿ ಒಂದು ಇಂಚೆಂದರೆ ಇಷ್ಟು, ಮೂಲೆಯಲ್ಲಿ ಒಂದು ಇಂಚೆಂದರೆ ಮತ್ತಿಷ್ಟು. ಪ್ರತಿ ನೋಟಕ್ಕೂ ಅಳತೆಗೋಲು ಬದಲಿಸಿಕೊಂಡು ಅಲ್ಲಿಂದಿಲ್ಲಿಗೆ ನೆಗೆಯುತ್ತಿರಬೇಕು.

ಮೀನಿನ ಕಣ್ಣಿನ ನೋಟ ಎಂಬ ಇನ್ನೊಂದು ಹಾದಿಯೂ ಇತ್ತು. ಸಾಲ್ ಸ್ಟೈನ್‌ಬರ್ಗ್ 1976ರಲ್ಲಿ ನ್ಯೂಯಾರ್ಕರ್ ಪತ್ರಿಕೆಯ ಮುಖಪುಟಕ್ಕೆ ಬರೆದ ಚಿತ್ರ ಪ್ರಸಿದ್ಧ. ಅದರಲ್ಲಿ ಮ್ಯಾನ್‌ಹಟನ್‌ನ ಒಂದೆರಡು ಬೀದಿಗಳು ಅರ್ಧಕ್ಕಿಂತ ಹೆಚ್ಚು ಜಾಗ ನುಂಗಿವೆ. ಉಳಿದ ಅಮೆರಿಕ, ಪೆಸಿಫಿಕ್, ಚೀನಾ, ಜಪಾನ್ ಎಲ್ಲ ಮೇಲಿನ ಚೂರು ಜಾಗದಲ್ಲಿ ಮುದುಡಿವೆ. ಮನುಷ್ಯ ಜಗತ್ತನ್ನು ನೋಡುವುದು ಹೀಗೆಯೇ ಅಲ್ಲವೇ ಎಂದು ಫರ್ನಸ್ 1986ರಲ್ಲಿ ಇದಕ್ಕೊಂದು ಗಣಿತದ ರೂಪ ಕೊಟ್ಟರು: ನಡುವಿನದು ದೊಡ್ಡದು, ದೂರದ್ದು ಚಿಕ್ಕದು, ಯಾವುದೂ ಪೂರ್ತಿ ಮರೆಯಾಗದು. ಪಟ್ಟಿಗಳಿಗೆ, ಮರಶಾಖೆಯಂಥ ವಿನ್ಯಾಸಗಳಿಗೆ ಅದು ಚೆಂದ. ನೆಲದ ನಕ್ಷೆಗೆ ನನ್ನ ಮಟ್ಟಿಗೆ ಅದು ಒಪ್ಪುವುದಿಲ್ಲ. ನೇರ ರಸ್ತೆ ಬಾಗುತ್ತದೆ, ಸಮಾನ ದೂರಗಳು ಅಸಮಾನವಾಗುತ್ತವೆ. ನಕ್ಷೆಯ ಮೇಲೆ ಬೆರಳಿಟ್ಟು ದೂರ ಅಳೆಯುವ ಹಕ್ಕನ್ನೇ ಅದು ಕಿತ್ತುಕೊಳ್ಳುತ್ತದೆ.

ಉಳಿದದ್ದು ಅಂಚು. ಅಲ್ಲಿ ಮೊದಲು ಹೊಳೆಯುವುದು ಬಾಣದ ಗುರುತು. ವಿಠ್ಠಲ ದೇವಾಲಯ ಆ ಕಡೆ ಎಂದು ಬಲ ಅಂಚಿನಲ್ಲೊಂದು ಬಾಣ. ಅಷ್ಟೇ ಆದರೆ ದಿಕ್ಕು ತಿಳಿಯಿತು, ದೂರ ತಿಳಿಯಲಿಲ್ಲ. ಬಾಣದ ಪಕ್ಕ ಅಂಕಿ ಬರೆಯಬಹುದು, ಟೋಪೋಶೀಟಿನವರು ಬರೆದಂತೆ. ಬಾಣವನ್ನೇ ಉದ್ದ ಗಿಡ್ಡ ಮಾಡಿ ದೂರ ಸೂಚಿಸಬಹುದು. ಆಗಲೂ ಓದುವವರು ಬಾಣದ ಉದ್ದವನ್ನು ನೆಲದ ಉದ್ದಕ್ಕೆ ಮನಸ್ಸಿನಲ್ಲೇ ಪರಿವರ್ತಿಸಬೇಕು. ಹತ್ತು ಬಾಣಗಳಿದ್ದರೆ ಹತ್ತು ಸಲ. ಅಮೆರಿಕದ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ, ಅಂದರೆ ಪಾರ್ಕ್‌ನಲ್ಲಿ, 2003ರ ಸುಮಾರಿಗೆ ಸಿಟಿ ಲೈಟ್ಸ್ ಎಂಬ ಪ್ರಯೋಗವೂ ನಡೆಯಿತು. ಹೊರಗಿರುವ ವಸ್ತುಗಳ ನೆರಳನ್ನು ಅಂಚಿನ ಗೆರೆಯ ಮೇಲೆ ಚೂರುಚೂರಾಗಿ ಮೂಡಿಸುವ ವಿಧಾನ ಅದು. ಅದೂ ಮುಖ್ಯವಾಗಿ ದಿಕ್ಕನ್ನೇ ಹೇಳುತ್ತಿತ್ತು.

ಅದೇ ಕೇಂದ್ರದ ಪ್ಯಾಟ್ರಿಕ್ ಬೌಡಿಶ್ ಮತ್ತು ರೂತ್ ರೋಸೆನ್‌ಹೋಲ್ಟ್ಸ್ 2003ರಲ್ಲಿ ಪ್ರಕಟಿಸಿದ ಹೇಲೋ ಎಂಬ ಉಪಾಯ ಈ ಕತೆಯ ತಿರುವು. ಬೌಡಿಶ್ ಗಣಕ ಮತ್ತು ಮನುಷ್ಯರ ನಡುವಿನ ವ್ಯವಹಾರವನ್ನು ಅಭ್ಯಸಿಸುವವರು. ರೋಸೆನ್‌ಹೋಲ್ಟ್ಸ್ ದೃಷ್ಟಿವಿಜ್ಞಾನಿ, ಕಣ್ಣು ಏನನ್ನು ಹೇಗೆ ಹಿಡಿಯುತ್ತದೆ ಎಂಬುದೇ ಅವರ ಕಸುಬು. ಈ ಜೋಡಿ ಕೂಡಿದ್ದರಿಂದಲೇ ಉಪಾಯ ಇಷ್ಟು ಸರಳವಾಗಿದೆ ಎಂದು ನನಗನ್ನಿಸುತ್ತದೆ. ಕಾಣದ ಪ್ರತಿಯೊಂದು ತಾಣವನ್ನೂ ಬೀದಿದೀಪ ಎಂದುಕೊಳ್ಳಿ. ದೀಪ ಕಾಂಪೌಂಡಿನ ಆಚೆಗಿದ್ದರೂ ಅದರ ಬೆಳಕಿನ ಬಳೆ ಈಚೆ ಅಂಗಳಕ್ಕೆ ತುಸು ಚಾಚಿರುತ್ತದೆ. ಆ ತುಂಡನ್ನು ನೋಡಿಯೇ ಕಂಬ ಎಲ್ಲಿರಬೇಕೆಂದು ಊಹಿಸುತ್ತೇವೆ. ಹೇಲೋ ಮಾಡುವುದೂ ಇಷ್ಟೇ. ಕಾಣದ ತಾಣವನ್ನು ಕೇಂದ್ರವಾಗಿಟ್ಟು ಒಂದು ವೃತ್ತ ಎಳೆಯುತ್ತದೆ; ವೃತ್ತದ ಅಂಚು ಪರದೆಯೊಳಕ್ಕೆ ಒಂದಿಷ್ಟೇ ಇಣುಕುವಷ್ಟು ತ್ರಿಜ್ಯ ಆರಿಸುತ್ತದೆ. ನಮಗೆ ಕಾಣುವುದು ಕಂಸ ಮಾತ್ರ. ಹತ್ತಿರದ ತಾಣಕ್ಕೆ ಬಿಗಿಯಾಗಿ ಬಾಗಿದ ಚಿಕ್ಕ ಕಂಸ, ದೂರದ ತಾಣಕ್ಕೆ ಸಡಿಲವಾಗಿ ಬಾಗಿದ ಉದ್ದನೆಯ ಕಂಸ.

ಇದು ಕೆಲಸ ಮಾಡುವುದಕ್ಕೆ ಕಾರಣ ನಮ್ಮ ಮಿದುಳಿನ ಒಂದು ಹಟ. ತೆಂಗಿನ ಮರದ ಹಿಂದೆ ಅರ್ಧ ಮರೆಯಾದ ಹುಣ್ಣಿಮೆ ಚಂದ್ರನನ್ನು ಯಾರೂ ಅರ್ಧ ತುಂಡಾದ ಚಂದ್ರ ಎಂದು ನೋಡುವುದಿಲ್ಲ. ಮರೆಯಾದ ಭಾಗದಿಂದ ಕಣ್ಣಿಗೆ ಒಂದು ಕಿರಣವೂ ಬಂದಿರುವುದಿಲ್ಲ, ಆದರೂ ಅದು ಅಲ್ಲಿದೆ ಎಂಬುದು ಊಹೆಯಂತೆ ಅನ್ನಿಸದೆ ನೋಟದಂತೆಯೇ ಅನ್ನಿಸುತ್ತದೆ. ಬೆಲ್ಜಿಯಂನ ಮನೋವಿಜ್ಞಾನಿ ಆಲ್ಬರ್ಟ್ ಮಿಶೋಟ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದರು. ಇಟಲಿಯ ಗೇಟಾನೊ ಕನಿಝ್ಸಾ ಇದರ ಸೊಗಸಾದ ಉದಾಹರಣೆಗಳನ್ನು ಬರೆದು ತೋರಿಸಿದರು. ಬಾಗಿದ ಗೆರೆಯೊಂದು ಯಾವುದರದೋ ಹಿಂದೆ ಹೋದರೆ ಮಿದುಳು ಅದೇ ಬಾಗಿನಲ್ಲಿ ಮುಂದುವರಿಸಿಕೊಂಡು ಹೋಗುತ್ತದೆ. ವೃತ್ತವಂತೂ ಎಲ್ಲ ಕಡೆ ಒಂದೇ ಸಮ ಬಾಗುವ ಆಕೃತಿ, ಚಿಕ್ಕ ತುಂಡು ಸಿಕ್ಕರೂ ಪೂರ್ತಿ ಕಟ್ಟಬಹುದು. ಮೊಬೈಲಿನ ಚೌಕಟ್ಟೇ ಇಲ್ಲಿ ತೆಂಗಿನ ಮರ.

ಬಾಣಕ್ಕೂ ಕಂಸಕ್ಕೂ ಇರುವ ವ್ಯತ್ಯಾಸವೂ ಇಲ್ಲಿಯೇ ಇದೆ. ಬಾಣ ದೂರದ ಬಗ್ಗೆ ಹೇಳಿಕೆ ಕೊಡುತ್ತದೆ. ಕಂಸಕ್ಕೆ ದೂರವನ್ನು ಬೇರೆಯಾಗಿ ಹೇಳುವ ಅಗತ್ಯವಿಲ್ಲ. ಅದು ನಕ್ಷೆಯ ನೆಲದ ಮೇಲೆಯೇ, ನಕ್ಷೆಯ ಅಳತೆಯಲ್ಲಿಯೇ ಎಳೆದ ವೃತ್ತದ ಭಾಗ. ಹಾಗಾಗಿ ಅಳತೆಗೋಲು ಬದಲಿಸುವ ಮಾತಿಲ್ಲ.

ಸ್ವಲ್ಪ ಲೆಕ್ಕ ಮಾಡಿದರೆ ಇದರ ಬಲವೂ ಮಿತಿಯೂ ಒಟ್ಟಿಗೆ ತಿಳಿಯುತ್ತವೆ. ಕಂಸ ಪರದೆಯೊಳಕ್ಕೆ 20 ಪಿಕ್ಸೆಲ್ ಇಣುಕಲಿ ಎಂದಿಟ್ಟುಕೊಳ್ಳೋಣ. ತಾಣ ಬಲ ಅಂಚಿನಿಂದ 200 ಪಿಕ್ಸೆಲ್ ಆಚೆಗಿದ್ದರೆ ತ್ರಿಜ್ಯ 220. ಪೈಥಾಗೊರಸ್ ಪ್ರಮೇಯ ಹಚ್ಚಿದರೆ ಅಂಚಿನಗುಂಟ ಕಂಸ ಹಿಡಿಯುವ ಉದ್ದ ಸುಮಾರು 183 ಪಿಕ್ಸೆಲ್. ತಾಣ 590 ಪಿಕ್ಸೆಲ್ ಆಚೆಗೆ ಸರಿದರೆ ಅದು 310 ಆಗುತ್ತದೆ. ದೂರ ಮೂರು ಪಟ್ಟಾದರೂ ಉದ್ದ ಎರಡು ಪಟ್ಟೂ ಆಗಲಿಲ್ಲ: ಕಂಸದ ಉದ್ದ ಹೆಚ್ಚುಕಡಿಮೆ ದೂರದ ವರ್ಗಮೂಲದಂತೆ ಬೆಳೆಯುತ್ತದೆ. ಇದರಿಂದ ಅನುಕೂಲವೂ ಉಂಟು, ದೂರದವು ಅಂಚನ್ನು ಥಟ್ಟನೆ ನುಂಗಿಬಿಡುವುದಿಲ್ಲ. ಆದರೆ 10 ಕಿಲೋಮೀಟರ್ ಆಚೆಯ ಊರೆಂದರೆ, ನಮ್ಮ 16ನೇ ಮೆಟ್ಟಿಲಿನಲ್ಲಿ 4,300 ಪಿಕ್ಸೆಲ್ ಮೀರಿದ ದೂರ. ಆಗ ಕಂಸಕ್ಕೆ 830 ಪಿಕ್ಸೆಲ್‌ಗಿಂತ ಹೆಚ್ಚು ಉದ್ದದ ಅಂಚು ಬೇಕು, ಪರದೆಯ ಎತ್ತರವೇ 800. ಕಾಣುವುದು ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ. ಬಾಗಿದೆಯೋ ಇಲ್ಲವೋ ಎಂಬುದೇ ಅನುಮಾನ. ಹತ್ತು ಕಿಲೋಮೀಟರೋ ಇಪ್ಪತ್ತೋ, ಆ ಗೆರೆಯಿಂದ ಹೇಳಲಾಗದು. ದೂರ ಹೆಚ್ಚಿದಂತೆ ಕಂಸವನ್ನು ಮಸುಕು ಮಾಡುವ ಏರ್ಪಾಡನ್ನು ಹೇಲೋ ಕಟ್ಟಿದವರು ಸೇರಿಸಿದ್ದರು. ದೂರದ ಊರುಗಳು ಅದರಿಂದ ತೆಳುವಾಗಿ ಹಿನ್ನೆಲೆಗೆ ಸರಿಯುತ್ತವೆ.

590 ಎಂಬ ಅಂಕಿಯನ್ನು ನಾನು ಸುಮ್ಮನೆ ಆರಿಸಲಿಲ್ಲ. ವಿರೂಪಾಕ್ಷ ಗುಡಿ ನಡುವಿಗಿದ್ದಾಗ ವಿಠ್ಠಲ ದೇವಾಲಯ ಬಲ ಅಂಚಿನಿಂದ ಸುಮಾರು ಅಷ್ಟೇ ಆಚೆಗಿರುತ್ತದೆ. ಆದರೆ ಅದು ಉತ್ತರಕ್ಕೂ ವಾಲಿದೆಯಲ್ಲ, ಹಾಗಾಗಿ ಅದರ ಕಂಸ ಬೀಳುವುದು ಪರದೆಯ ಬಲ ಮೇಲ್ಮೂಲೆಗೆ. ಕೆಳಗಿನ ತುದಿ ಚೆನ್ನಾಗಿ ಬಾಗಿ ಬಲ ಅಂಚನ್ನು ಸೇರುತ್ತದೆ. ಮೇಲಿನ ತುದಿ ಬಾಗುವುದಕ್ಕೆ ಮುಂಚೆಯೇ ಪರದೆಯ ಮೇಲಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಒಂದೇ ಕಡೆ ಬಾಗಿದ ತುಂಡು ಕೈಗೆ ಸಿಕ್ಕಾಗ ಕೇಂದ್ರ ಊಹಿಸುವುದು ಕಷ್ಟ. ಆ ಮೂಲೆಯಲ್ಲೇ ನಕ್ಷೆಯ ಆ್ಯಪುಗಳು ದಿಕ್ಸೂಚಿ, ಪದರಗಳ ಗುಂಡಿ, ಖಾತೆದಾರರ ಭಾವಚಿತ್ರ ಎಲ್ಲವನ್ನೂ ತುರುಕಿರುತ್ತವೆ ಎಂಬುದು ಬೇರೆ ಮಾತು.

ಹೇಲೋವನ್ನು ಬಾಣಗಳ ಜೊತೆ ಹೋಲಿಸಿ ನಡೆಸಿದ ಮೊದಲ ಪರೀಕ್ಷೆಯಲ್ಲಿ ದಾರಿ ಯೋಜಿಸುವ ನಾಲ್ಕು ಬಗೆಯ ಕೆಲಸಗಳನ್ನು ಕೊಟ್ಟಿದ್ದರು. ಹೇಲೋ ಬಳಸಿದವರು ಕೆಲಸವನ್ನು ಶೇಕಡ 16ರಿಂದ 33ರಷ್ಟು ಬೇಗ ಮುಗಿಸಿದರು. ನಾಲ್ಕರಲ್ಲಿ ಮೂರು ಕೆಲಸಗಳ ತಪ್ಪುಗಳಲ್ಲಿ ಹೇಳುವಂಥ ವ್ಯತ್ಯಾಸವಿರಲಿಲ್ಲ. ಅಷ್ಟಕ್ಕೇ ಬಾಣದ ಕತೆ ಮುಗಿಯಿತು ಎಂದುಕೊಂಡವರಿಗೆ ಇಟಲಿಯ ಊಡಿನೆ ವಿಶ್ವವಿದ್ಯಾಲಯದಿಂದ ಉತ್ತರ ಬಂತು. ಸ್ಟೆಫಾನೊ ಬುರಿಗಾಟ್, ಲೂಕಾ ಕಿಟ್ಟಾರೊ ಮತ್ತು ಸಿಲ್ವಿಯಾ ಗ್ಯಾಬ್ರಿಯೆಲ್ಲಿ 2006ರಲ್ಲಿ ಹೇಲೋವನ್ನು ಎರಡು ಬಗೆಯ ಬಾಣಗಳ ಎದುರಿಗಿಟ್ಟರು: ದೂರಕ್ಕೆ ತಕ್ಕಂತೆ ಗಾತ್ರ ಬದಲಿಸುವ ಬಾಣ, ಹಿಗ್ಗಿ ಕುಗ್ಗುವ ಬಾಣ. ಕಾಣದ ತಾಣ ನಿಖರವಾಗಿ ಎಲ್ಲಿದೆ ಎಂದು ತೋರಿಸುವುದರಲ್ಲಿ ಹೇಲೋ ಗೆದ್ದಿತು. ಯಾವುದು ಹತ್ತಿರ, ಯಾವುದು ದೂರ ಎಂದು ಸಾಲಾಗಿ ಜೋಡಿಸುವ ಕೆಲಸವನ್ನು ಜನ ಬಾಣಗಳಿಂದಲೇ ಬೇಗ ಮಾಡಿದರು, ತಪ್ಪೂ ಕಡಿಮೆ ಮಾಡಿದರು.

ಈ ಎರಡನೆಯ ಫಲಿತಾಂಶವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಪೆಟ್ರೋಲ್ ಮುಗಿಯುತ್ತ ಬಂದಿದೆ, ಯಾವ ಬಂಕ್ ಹತ್ತಿರ ಎನ್ನುವವನಿಗೆ ಬೇಕಾದದ್ದು ಸರದಿ. ಬಂಕಿನ ಕೇಂದ್ರಬಿಂದು ಎಲ್ಲಿದೆಯೆಂದು ಊಹಿಸುವ ವ್ಯಾಯಾಮ ಅವನಿಗೆ ಬೇಡ. ಹಳೆಯ ಕೋಟೆಯೊಳಗೆ ಅಡ್ಡಾಡುತ್ತ, ಆನೆಲಾಯ ಇಲ್ಲಿಂದ ಯಾವ ಬಗಲಿಗಿದೆ, ನಾವು ಅದನ್ನು ದಾಟಿ ಬಂದೆವೇ ಎಂದು ತಿಳಿಯಬೇಕಾದವರಿಗೆ ಜಾಗವೇ ಬೇಕು. ಅಂಚಿನ ಗುರುತು ಯಾವುದಿರಬೇಕೆಂಬುದನ್ನು ಕೇಳುವ ಪ್ರಶ್ನೆಯೇ ತೀರ್ಮಾನಿಸುತ್ತದೆ. ಆದರೆ ನಕ್ಷೆಯ ತಂತ್ರಾಂಶಕ್ಕೆ ನಾವು ಪ್ರಶ್ನೆಯನ್ನೆಲ್ಲಿ ಹೇಳುತ್ತೇವೆ? ಬಂಕ್ ಎಂದು ಟೈಪ್ ಮಾಡಿ ಸುಮ್ಮನಾಗುತ್ತೇವೆ.

ಹೇಲೋಗೆ ಇನ್ನೊಂದು ಕಾಟ ಗುಂಪಿನದು. ಒಂದೇ ದಿಕ್ಕಿನಲ್ಲಿ ಐದಾರು ತಾಣಗಳಿದ್ದರೆ ಐದಾರು ಕಂಸಗಳು ಒಂದನ್ನೊಂದು ಹಾಯ್ದು ಗೋಜಲಾಗುತ್ತವೆ; ಯಾವ ತುದಿ ಯಾವುದರದು ಎಂದು ಬಿಡಿಸಲಾಗದು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಶಾನ್ ಗುಸ್ತಾಫ್‌ಸನ್ ಮತ್ತು ಪೌರಂಗ್ ಇರಾನಿ, ಸಸ್ಕಾಚೆವಾನ್‌ನ ಕಾರ್ಲ್ ಗಟ್ವಿನ್, ಜೊತೆಗೆ ಅದೇ ಬೌಡಿಶ್ ಸೇರಿ 2008ರಲ್ಲಿ ವೃತ್ತವನ್ನು ಬಿಟ್ಟು ಬೆಣೆಗೆ ಬಂದರು. ಪ್ರತಿ ತಾಣಕ್ಕೂ ಒಂದು ಚೂಪಾದ ಸಮದ್ವಿಬಾಹು ತ್ರಿಭುಜ. ಅದರ ಚೂಪು ತುದಿ ಹೊರಗಿರುವ ತಾಣದ ಮೇಲೆಯೇ ಇರುತ್ತದೆ, ಪಾದ ಮತ್ತು ಎರಡು ಕಾಲುಗಳ ತುಣುಕು ಪರದೆಯೊಳಗೆ. ಆ ಎರಡು ಕಾಲುಗಳನ್ನು ಕಣ್ಣು ತಾನೇ ಮುಂದುವರಿಸಿ, ಸೇರುವ ಬಿಂದುವನ್ನು ಕಂಡುಕೊಳ್ಳುತ್ತದೆ. ವೃತ್ತದಲ್ಲಿ ಬದಲಿಸಲು ಸಾಧ್ಯವಿದ್ದದ್ದು ಎಷ್ಟು ಇಣುಕಬೇಕು ಎಂಬುದೊಂದೇ. ಬೆಣೆಯಲ್ಲಿ ಮೂರು: ಎಷ್ಟು ಇಣುಕಬೇಕು, ಎಷ್ಟು ಅಗಲ ತೆರೆಯಬೇಕು, ತುದಿಯನ್ನು ಕದಲಿಸದೆ ಎಷ್ಟು ತಿರುಗಬೇಕು. ಮೂರನೆಯದೇ ಜಾಣತನ. ಪಕ್ಕದ ಬೆಣೆ ಅಡ್ಡಬಂದರೆ ಎರಡೂ ಒಂದನ್ನೊಂದು ತಳ್ಳಿಕೊಂಡು, ತಿರುಗಿ, ಜಾಗ ಮಾಡಿಕೊಳ್ಳುತ್ತವೆ. ತುದಿಗಳು ಮಾತ್ರ ತಂತಮ್ಮ ತಾಣಗಳ ಮೇಲೆ ಅಲ್ಲಾಡದೆ ಇರುತ್ತವೆ. ಮೂಲೆಯಲ್ಲೂ ಬೆಣೆ ಹೇಗಾದರೂ ತೂರಿಕೊಳ್ಳುತ್ತದೆ. ಅವರ ಪರೀಕ್ಷೆಯಲ್ಲಿ ಬೆಣೆ ಬಳಸಿದವರ ಅಂದಾಜು ಹೇಲೋ ಬಳಸಿದವರಿಗಿಂತ ಗಣನೀಯವಾಗಿ ನಿಖರವಾಗಿತ್ತು.

ಬೆಣೆಯೂ ನೂರನ್ನು ಹೊರಲಾರದು. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ನಿಂತು ಎಟಿಎಂ ಎಂದು ಹುಡುಕಿ ನೋಡಿ. ಕಾಣದವುಗಳಿಗೆಲ್ಲ ಒಂದೊಂದು ಬೆಣೆ ಹಾಕಿದರೆ ನಕ್ಷೆಗೆ ಹಲ್ಲು ಮೂಡಿದಂತಾಗುತ್ತದೆ. ಗುಂಪು ಕಟ್ಟಿ, ಈ ಕಡೆ ಇಷ್ಟಿವೆ ಎಂದು ಸಂಖ್ಯೆ ತೋರಿಸುವ ಉಪಾಯಗಳೂ ಬಂದಿವೆ. ಆದರೆ ಅದಕ್ಕೂ ಮುಂಚಿನ ಪ್ರಶ್ನೆಯೊಂದು ಉಳಿಯುತ್ತದೆ: ಅಂಚಿನಲ್ಲಿ ಇಣುಕುವ ಯೋಗ್ಯತೆ ಯಾವ ತಾಣಕ್ಕೆ? ಹತ್ತಿರದ್ದಕ್ಕೋ, ಹೆಚ್ಚು ಜನ ಹೋಗುವಂಥದಕ್ಕೋ, ನೀವು ನಕ್ಷತ್ರ ಒತ್ತಿ ಉಳಿಸಿಕೊಂಡದ್ದಕ್ಕೋ? ಇಲ್ಲಿ ನನ್ನ ಪಕ್ಷಪಾತ ಸ್ಪಷ್ಟ. ಉಳಿಸಿಕೊಂಡವು, ಈಗ ಹೋಗಬೇಕಾದ್ದು, ಬಂದ ಬಸ್‌ನಿಲ್ದಾಣ, ಇಷ್ಟಿದ್ದರೆ ಸಾಕು. ಇದಕ್ಕಿಂತ ಹೆಚ್ಚು ಬಾಗಿಲು ತೆರೆದರೆ ಆ ಅಂಚು ಬೇಗನೆ ಜಾಹೀರಾತಿನ ಗೋಡೆಯಾಗುತ್ತದೆ.

ಇಷ್ಟೆಲ್ಲ ಆಗಿಯೂ ನಿಮ್ಮ ಮೊಬೈಲಿನ ನಕ್ಷೆಯಲ್ಲಿ ಕಂಸವೂ ಇಲ್ಲ, ಬೆಣೆಯೂ ಇಲ್ಲ. ಹೇಲೋ ಹುಟ್ಟಿದ ಕಾಲ ಪಾಕೆಟ್ ಪಿಸಿಗಳದು: 240 ಪಿಕ್ಸೆಲ್ ಅಗಲ, 320 ಎತ್ತರ, ಕಡ್ಡಿಯಿಂದ ಒತ್ತಬೇಕು, ಝೂಮ್ ಮಾಡಿ ಕಾಯಬೇಕು. 2007ರಲ್ಲಿ ಐಫೋನ್ ಬಂದು ಎರಡು ಬೆರಳಿನ ಚಿವುಟು ಎಲ್ಲರಿಗೂ ರೂಢಿಯಾಯಿತು. ಕುಗ್ಗಿಸಿ ನೋಡಿ ಮತ್ತೆ ಹಿಗ್ಗಿಸುವುದು ಅರೆಗಳಿಗೆಯ ಕೆಲಸವಾದಾಗ, ಕಾಣದ್ದನ್ನು ಊಹಿಸಿಕೊಳ್ಳುವ ಗೆರೆಗಳಿಗೆ ಯಾರು ಜಾಗ ಕೊಡುತ್ತಾರೆ? ಹುಡುಕಿದ ಕೂಡಲೇ ಎಲ್ಲ ಫಲಿತಾಂಶಗಳೂ ಹಿಡಿಯುವಂತೆ ನಕ್ಷೆಯೇ ಕುಗ್ಗಿಕೊಳ್ಳುವುದನ್ನೂ ಕಲಿತಿತು. ಪ್ರಯೋಗಾಲಯದ ಉಪಾಯ ಸೋತದ್ದು ತನ್ನ ದೋಷದಿಂದಲ್ಲ; ಅದು ಉಳಿಸಿಕೊಡುತ್ತಿದ್ದ ಶ್ರಮವೇ ಅಗ್ಗವಾಯಿತು.

ಎಲ್ಲರಿಗೂ ಅಗ್ಗವಾಗಲಿಲ್ಲ. ಬೈಕಿನ ಹ್ಯಾಂಡಲ್ಲಿಗೆ ಮೊಬೈಲ್ ಸಿಕ್ಕಿಸಿಕೊಂಡು ಊಟ ತಲುಪಿಸುವ ಹುಡುಗ ಒಂದು ಕೈಯಲ್ಲಿ ಚಿವುಟಲಾರ, ಚಿವುಟಲೂಬಾರದು. ಮಳೆಯಲ್ಲಿ ಒದ್ದೆ ಬೆರಳಿಗೆ ಪರದೆ ಓಗೊಡುವುದಿಲ್ಲ. ಕೈಗಡಿಯಾರದ ಪರದೆಯಲ್ಲಿ ಎರಡು ಬೆರಳಿಟ್ಟರೆ ನಕ್ಷೆಯೇ ಮುಚ್ಚಿಹೋಗುತ್ತದೆ. ಇಲ್ಲೆಲ್ಲ ಅಂಚಿಗೆ ಕೆಲಸವಿದೆ. ಆಟಗಳಂತೂ ಅಂಚನ್ನು ಬಿಟ್ಟುಕೊಟ್ಟೇ ಇಲ್ಲ: ಬಿಜಿಎಂಐ ಎಂಬ ಮೊಬೈಲ್ ಕಾಳಗದ ಆಟ ಆಡುವವರ ಕಣ್ಣು ಮೇಲಿನ ದಿಕ್ಸೂಚಿ ಪಟ್ಟಿಗೂ ಮೂಲೆಯ ಪುಟ್ಟ ನಕ್ಷೆಗೂ ಓಡಾಡುತ್ತಲೇ ಇರುತ್ತದೆ. ಗುಂಡು ಹಾರುವಾಗ ನಕ್ಷೆ ತೆರೆದು ಕುಗ್ಗಿಸಿ ನೋಡಲು ಪುರಸೊತ್ತಿಲ್ಲವಲ್ಲ.

ಕಣ್ಣಿಗೆ ಧರಿಸುವ ಪರದೆಗಳು ಬಂದ ಮೇಲೆ ಈ ಹಳೆಯ ಪ್ರಶ್ನೆಗೆ ಮತ್ತೆ ಜೀವ ಬಂದಿದೆ. ಕನ್ನಡಕದೊಳಗಿನ ಚಿತ್ರ ನೋಟದ ನಡುವಿನ ಒಂದು ಕಿಂಡಿಯಷ್ಟೇ. ಹೊರಗಿರುವ ತಾಣ ಬಲಕ್ಕಿರಬಹುದು, ತಲೆಯ ಮೇಲಿರಬಹುದು, ಬೆನ್ನ ಹಿಂದಿರಬಹುದು. ಚಪ್ಪಟೆ ನಕ್ಷೆಯಲ್ಲಿ ಹಿಂದೆ ಎಂಬುದೇ ಇರಲಿಲ್ಲ. ಬೆನ್ನ ಹಿಂದೆ ನೇರವಾಗಿರುವುದನ್ನು ತೋರಿಸಲು ಕಂಸವನ್ನು ಎಡ ಅಂಚಿಗೆ ಹಾಕಬೇಕೋ ಬಲ ಅಂಚಿಗೋ? ಎರಡೂ ಅಷ್ಟೇ ಸರಿ, ಅಷ್ಟೇ ತಪ್ಪು. ಜರ್ಮನಿಯ ಉವೆ ಗ್ರ್ಯೂನೆಫೆಲ್ಡ್ ಮತ್ತು ಸಂಗಡಿಗರು 2017ರಲ್ಲಿ ಐಸೀ360 ಎಂಬ ವಿನ್ಯಾಸದಲ್ಲಿ, ಸುತ್ತಲಿನ ಇಡೀ ಗೋಳವನ್ನು ಕುಗ್ಗಿಸಿ ನೋಟದ ಸುತ್ತ ಒಂದು ಚೌಕಟ್ಟಿನಂತೆ ಬರೆದು, ಕಾಣದವುಗಳನ್ನು ಚುಕ್ಕೆಗಳಾಗಿ ಕೂರಿಸಿದರು. ಡಿಫೆಂಡರ್ ಆಟದ ರೇಡಾರ್ ಪಟ್ಟಿಯ ಮೊಮ್ಮಗ ಎನ್ನಬಹುದು.

ಕನ್ನಡಕಕ್ಕೂ ಕೈಗಡಿಯಾರಕ್ಕೂ ಒಂದೇ ಸಮ ಅಂಟಿಕೊಂಡಿರುವ ತೊಡಕೊಂದು ಬಾಕಿಯಿದೆ. ಅದಕ್ಕೆ ಮತ್ತೆ ಹಂಪಿಗೇ ಹೋಗಬೇಕು. ವಿರೂಪಾಕ್ಷ ಗುಡಿಯ ಬಳಿ ನಿಂತು ನಕ್ಷೆಯನ್ನು ಇನ್ನೆರಡು ಮೆಟ್ಟಿಲು ಹಿಗ್ಗಿಸಿದರೆ, ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆ ಪರದೆಯಿಂದ ಹೊರಬೀಳುತ್ತದೆ. ಹೇಲೋ ಹಾಕಿದರೆ ಅದರದು ಬಿಗಿಯಾಗಿ ಬಾಗಿದ ಪುಟ್ಟ ಕಂಸ. ಅಂದರೆ ತೀರ ಹತ್ತಿರ. ದೋಣಿ ಇದ್ದರೆ ಅದು ನಿಜವೇ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟು ಹೊಳೆ ತುಂಬಿದಾಗ ದೋಣಿ ನಿಲ್ಲುತ್ತದೆ. ಆಗ ಸೇತುವೆ ಹುಡುಕಿಕೊಂಡು ಹತ್ತಾರು ಕಿಲೋಮೀಟರ್ ಸುತ್ತಬೇಕು. ಕಂಸ ಮಾತ್ರ ಅಷ್ಟೇ ಪುಟ್ಟದಾಗಿ ಅಲ್ಲೇ ಇರುತ್ತದೆ. ಹೇಲೋ, ಬೆಣೆ, ಬಾಣ ಮೂರಕ್ಕೂ ಗೊತ್ತಿರುವುದು ಹಕ್ಕಿಯ ದೂರ. ಟೋಪೋಶೀಟಿನ ಅಂಚಿನಲ್ಲಿ ಬರೆದ ಕಿಲೋಮೀಟರ್ ರಸ್ತೆಯದು.

ಹಾಗಾದರೆ ತ್ರಿಜ್ಯವನ್ನು ಪ್ರಯಾಣದ ಹೊತ್ತಿಗೆ ತಕ್ಕಂತೆ ಇಟ್ಟರೆ? ಹೊಳೆ ತುಂಬಿದ ದಿನ ಗಡ್ಡೆಯ ಕಂಸ ಸಡಿಲಗೊಂಡು ಉದ್ದವಾಗಲಿ ಎನ್ನಬಹುದು. ಹಾಗೆ ಮಾಡಿದ ಕ್ಷಣವೇ ಉಪಾಯದ ಬುಡ ಅಲುಗುತ್ತದೆ. ಕಣ್ಣು ಕಂಸವನ್ನು ಪೂರ್ತಿ ಮಾಡಿ ಕೇಂದ್ರ ಹುಡುಕುತ್ತದೆ. ಆ ಕೇಂದ್ರ ಈಗ ಗಡ್ಡೆಯ ಮೇಲೆ ಇರುವುದಿಲ್ಲ, ಆನೆಗೊಂದಿಯ ಬೆಟ್ಟಗಳ ಆಚೆ ಎಲ್ಲೋ ಬೀಳುತ್ತದೆ. ತಾಣದ ಜಾಗ ಸರಿಯಾಗಿ ಹೇಳಿದರೆ ಹೊತ್ತು ಸುಳ್ಳಾಗುತ್ತದೆ, ಹೊತ್ತು ಹೇಳಿದರೆ ಜಾಗ ಸುಳ್ಳಾಗುತ್ತದೆ. ಒಂದು ಬಾಗಿನಲ್ಲಿ ಎರಡನ್ನೂ ಹೇಳಲಾಗದು. ಸಾಧ್ಯವಿರುವುದು ಇಷ್ಟು: ಬಾಗನ್ನು ಜಾಗಕ್ಕೆ ಬಿಟ್ಟು, ಹೊತ್ತನ್ನು ಗೆರೆಯ ಬಣ್ಣಕ್ಕೋ ದಪ್ಪಕ್ಕೋ ವಹಿಸುವುದು; ಇಲ್ಲವೇ ಕಂಸದ ಪಕ್ಕ ನಿಮಿಷಗಳ ಅಂಕಿಯನ್ನು ಸಣ್ಣಕ್ಷರಗಳಲ್ಲಿ ಬರೆದುಬಿಡುವುದು. ಬಣ್ಣಕ್ಕೆ ಅರ್ಥ ಕಲಿಸಬೇಕು, ಅಂಕಿಗೆ ಬೇಡ. ನನ್ನ ಮತ ಅಂಕಿಗೆ.